ವಿಮಲಾಬಾಯಿ ಮುಲ್ಕಿಯಾದದ್ದು

ಸೊಲ್ಲಾಪುರದಲ್ಲಿ ಮಾಸ್ತರಿಕೆಯ ಪರೀಕ್ಷೆ ಪಾಸು ಮಾಡಿದ್ದ ವಿಮಲಾಬಾಯಿ, ತಾಯಿ ತೀರಿಕೊಂಡ ಮೇಲೆ ಕಲಬುರಗಿಗೆ ಬಂದು ಶಹಾಬಜಾರದ ಸೋದರತ್ತೆ ಸೂಗಮ್ಮನ ಮನೆಯಲ್ಲಿ ನೆಲೆಸಿದ್ದಳು. ರೈಲಿನಲ್ಲಿ ಕೂತರೆ ಎರಡೂ ಊರುಗಳ ನಡುವೆ ಹೆಚ್ಚು ದೂರವಿಲ್ಲ. ಆದರೆ ಅದು ಇಂಗ್ರೇಜಿ ಸರ್ಕಾರದ ಸೀಮೆ, ಇದು ನಿಜಾಮರದು. ಆ ಗಡಿ ತನ್ನನ್ನೂ ತಡೆಯಬಲ್ಲದು ಎಂದು ಆಕೆಗೆ ತಿಳಿದದ್ದು ಕಮಲಾಪುರದ ಹೊಸ ಹೆಣ್ಣುಮಕ್ಕಳ ಶಾಲೆಗೆ ಅರ್ಜಿ ಹಾಕಿದಾಗ.

“ಬಾಯಾರ, ನೀವು ಗೈರ್‌ಮುಲ್ಕಿ, ಹೊರಗಿನವ್ರು,” ಎಂದರು ಕಲಬುರಗಿಯ ಶಿಕ್ಷಣ ಇಲಾಖೆಯ ಕಚೇರಿಯ ಹಿರಿಯ ಗುಮಾಸ್ತ ಶಫಿ ಸಾಹೇಬರು. “ಸರ್ಕಾರಿ ನೌಕರಿ ಮುಲ್ಕಿ ಮಂದಿಗೇ ಅಂತ ಕಾನೂನು ಆಗ್ಯಾದ.”

“ಮುಲ್ಕಿ ಆಗ್ಬೇಕಂದ್ರ ಏನ್ ಮಾಡ್ಬೇಕ್ರಿ?”

“ಇಲ್ಲೇ ಹುಟ್ಟಿರಬೇಕು. ಇಲ್ಲಾ ಹದಿನೈದು ವರ್ಷ ಇಲ್ಲಿದ್ದು, ಮತ್ತ ಆ ಕಡೆ ಹೋಗಂಗಿಲ್ಲ ಅಂತ ಬರ್ಕೊಡಬೇಕು.” ಸಾಹೇಬರು ಸಣ್ಣಗೆ ಕೆಮ್ಮಿದರು. “ಇಲ್ಲಾ ಮುಲ್ಕಿ ಮನಷ್ಯಾನ ಜೋಡಿ ಲಗ್ನ ಆಗ್ಬೇಕು. ಹೆಂಡತಿ ತಾನಾಗೇ ಮುಲ್ಕಿ ಆಗ್ತಾಳ.”

ಶಾಲೆಯ ಕೆಲಸಕ್ಕಾಗಿ ಊರವರ ಪರವಾಗಿ ಬಂದಿದ್ದ ಕಮಲಾಪುರದ ದೇವೀಂದ್ರಪ್ಪ ಅಲ್ಲೇ ಬೆಂಚಿನ ಮೇಲೆ ಕೂತಿದ್ದ. ಕೆಂಬಾಳೆಯ ತೋಟದವನು, ಇನ್ನೂ ಲಗ್ನವಾಗಿರಲಿಲ್ಲ. ಕಚೇರಿಯವರೆಲ್ಲ ಅವನ ಕಡೆ ನೋಡಿದರು. ಅವನು ಕಿಟಕಿಯ ಕಡೆ ನೋಡಿದ.

ಮುಂದಿನ ಸೋಮವಾರ ಅವನು ಬಾಳೆಗೊನೆ ಹೊತ್ತು ಶಹಾಬಜಾರಕ್ಕೆ ಬಂದ. ಸೂಗಮ್ಮ ಆಗಲೇ ಅವನ ಮನೆತನ ವಿಚಾರಿಸಿ ಒಳಗೊಳಗೇ ಹಿಗ್ಗಿದ್ದಳು. ಚಹಾದ ಬಟ್ಟಲು ಕೆಳಗಿಟ್ಟು ಅವನು ಹೇಳಿದ, “ಬಾಯಾರ, ನಾ... ನಾ ಮುಲ್ಕಿ ಇದ್ದೀನ್ರಿ.”

ವಿಮಲಾಬಾಯಿಗೆ ನಗು ತಡೆಯಲಾಗಲಿಲ್ಲ. “ನೀವು ನನಗ ಗಂಡ ಆಗ್ತೀರೋ, ಸರ್ಟಿಫಿಕೇಟ ಆಗ್ತೀರೋ?”

“ಎರಡೂ ಆಗ್ತೀನ್ರಿ.”

“ಬ್ಯಾಡ್ರಿ. ನೌಕರಿ ಸಲುವಾಗಿ ಲಗ್ನ ಆದ್ಲು ಅಂತ ಮಂದಿ ಅಂದ್ರ ಅನ್ಲಿ. ಒಂದಿನ ನಿಮಗೇ ಹಂಗ ಅನಿಸಿದ್ರ?”

ಅವನು ಎದ್ದು ಹೊರಟ. ಗೊನೆಯನ್ನು ಮಾತ್ರ ವಾಪಸು ಒಯ್ಯಲಿಲ್ಲ.

ಇನ್ನೊಂದು ದಾರಿಯನ್ನು ಶಫಿ ಸಾಹೇಬರೇ ತೋರಿಸಿದರು. ಕಲಿಸಲು ಮುಲ್ಕಿ ಹೆಂಗಸರು ಯಾರೂ ಸಿಗದಿದ್ದರೆ ಹೈದರಾಬಾದಿನಿಂದ ವಿಶೇಷ ಪರವಾನಗಿ ಕೇಳಬಹುದು. ಅದಕ್ಕೆ ಕಮಲಾಪುರದವರ ಒಪ್ಪಿಗೆಯ ಸಹಿ ಬೇಕು. ಆ ಸಹಿಗಾಗಿ ಓಣಿ ಓಣಿ ತಿರುಗಿದವನು ದೇವೀಂದ್ರಪ್ಪನೇ. ಹೆಣ್ಣುಮಕ್ಕಳಿಗೆ ಅಕ್ಷರ ಯಾಕೆ ಎಂದವರ ಕಟ್ಟೆಯ ಮೇಲೆ ಕೂತು, ಅವರು ಒಪ್ಪುವವರೆಗೆ ಏಳಲಿಲ್ಲ.

ಕಾಗದ ತಂದುಕೊಟ್ಟಾಗ ಶಫಿ ಸಾಹೇಬರು ಕೇಳಿದರು, “ಇದು ಮಂಜೂರಾದ್ರ ಆ ಬಾಯಿಗೆ ನಿನ್ನ ಗರಜೇ ಇರಂಗಿಲ್ಲಲ್ಲೋ?”

“ಗೊತ್ತದರೀ ಸಾಹೇಬ್ರ. ಊರಾಗ ಹುಡುಗ್ಯಾರು ಶಾಲಿ ಹಾದಿ ಕಾಯಾಕತ್ತಾರ.”

ಈ ಮಾತನ್ನು ಶಫಿ ಸಾಹೇಬರು ಹೊಟ್ಟೆಯಲ್ಲಿಟ್ಟುಕೊಳ್ಳಲಿಲ್ಲ. ಸಂಜೆಯೊಳಗೆ ಅದು ಸೂಗಮ್ಮನ ಅಡುಗೆಮನೆ ಮುಟ್ಟಿತು. ವಿಮಲಾಬಾಯಿ ಆಗ ರೊಟ್ಟಿ ಬಡಿಯುತ್ತಿದ್ದಳು. ಹಂಚಿನ ಮೇಲಿದ್ದ ರೊಟ್ಟಿ ಸೀದುಹೋಯಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಪರವಾನಗಿ ಬಂತು. ವಿಮಲಾಬಾಯಿ ಅತ್ತೆಯನ್ನು ಕರೆದುಕೊಂಡು ಬಂಡಿ ಹತ್ತಿ ಕಮಲಾಪುರಕ್ಕೆ ಹೋದಳು. ಊರಿನ ಹುಡುಗಿಯರು ಬಂಡಿಯ ಹಿಂದೆ ಓಡಿ ಬಂದರು. ಆಕೆ ಶಾಲೆಗೆ ಹೋಗುವ ಮೊದಲು ದೇವೀಂದ್ರಪ್ಪನ ಮನೆಯ ಮುಂದೆ ಬಂಡಿ ನಿಲ್ಲಿಸಿದಳು.

“ನೌಕರಿ ಸಿಕ್ತರಿ,” ಎಂದಳು. “ಈಗ ನನಗ ಯಾರ ಸರ್ಟಿಫಿಕೇಟೂ ಬೇಕಾಗಿಲ್ಲ. ಆವತ್ತು ಕೇಳಿದ್ದು ಇನ್ನೊಮ್ಮೆ ಕೇಳ್ರಿ.”

ದೇವೀಂದ್ರಪ್ಪ ತಲೆಯ ರುಮಾಲು ತೆಗೆದ, ಮತ್ತೆ ಸುತ್ತಿಕೊಂಡ. ಬಾಗಿಲಲ್ಲಿ ನಿಂತಿದ್ದ ಅವನ ತಾಯಿ ಚಂದಮ್ಮನಿಗೆ ತಾಳ್ಮೆ ಉಳಿಯಲಿಲ್ಲ.

“ಅಂವ ಬಾಯಿ ಬಿಡೂದ್ರಾಗ ಕತ್ತಲಾಗ್ತದ,” ಎನ್ನುತ್ತ ಕೆಳಗಿಳಿದು ಬಂದು ಆಕೆಯ ಕೈ ಹಿಡಿದಳು. “ನಾನೇ ಕೇಳ್ತೀನವ್ವ. ನಮ್ಮನಿಗೆ ಬರ್ತೀಯೇನು?”

“ಬರ್ತೀನ್ರಿ ಅತ್ತಿ,” ಎಂದಳು ವಿಮಲಾಬಾಯಿ. ಬಂಡಿಯ ಹಿಂದಿದ್ದ ಹುಡುಗಿಯರು ಯಾರೂ ಹೇಳದೆಯೇ ಚಪ್ಪಾಳೆ ತಟ್ಟಿದರು.