ಹಿಂದಿನ ಸೀಟಿನ ತೂಕ

ನನ್ನ ಗಂಡನ ಬೈಕಿನ ಹಿಂದಿನ ಸೀಟಿನಲ್ಲಿ ಕೂರಲು ನನಗೆ ಮದುವೆಯಾಗಿ ಏಳು ತಿಂಗಳು ಬೇಕಾಯಿತು. ಕೇಳಿದವರು ನಗುತ್ತಾರೆ, ನಗಲಿ. ಅಲ್ಲಿ ಆಗಲೇ ಒಬ್ಬಳು ಕೂತಿದ್ದಳು ಎಂದು ನಾನು ಯಾರಿಗೂ ಹೇಳಲು ಹೋಗಿಲ್ಲ.

ತರೀಕೆರೆಯಿಂದ ಬರುವಾಗ ಅಜ್ಜಂಪುರಕ್ಕೆ ಸ್ವಲ್ಪ ಮುಂಚೆ ನಮ್ಮ ವೇಬ್ರಿಡ್ಜ್ ಇದೆ. ಈರುಳ್ಳಿ, ಮೆಕ್ಕೆಜೋಳದ ಲಾರಿಗಳು ಬಂದು ಕಬ್ಬಿಣದ ಹಾಸಿನ ಮೇಲೆ ನಿಲ್ಲುತ್ತವೆ, ಕ್ಯಾಬಿನ್ನಿನಲ್ಲಿ ಕೂತವರು ಕಂಪ್ಯೂಟರಿನಲ್ಲಿ ತೂಕ ನೋಡಿ ಚೀಟಿ ಹರಿದು ಕೊಡುತ್ತಾರೆ. ಹಾಗೆ ಕೂತವಳು ನಾನು, ಕೋಮಲಾ. ತವರು ಯಗಟಿ, ಓದಿದ್ದು ಕಡೂರಿನಲ್ಲಿ ಬಿ.ಕಾಂ., ಕೋಪ ಮಾತ್ರ ಯಾವಾಗಲೂ ಮೂಗಿನ ತುದಿಯಲ್ಲಿ.

ವಿಶ್ವನಾಥ್ ನನ್ನನ್ನು ನೋಡಲು ಬಂದಾಗ ಉಪ್ಪಿಟ್ಟು ಮುಟ್ಟುವ ಮೊದಲೇ ವಿಷಯ ಹೇಳಿದ್ದರು. ಮೊದಲನೇ ಹೆಂಡತಿ ಮಾಲಿನಿ ಅವರ ಬೈಕಿನಿಂದಲೇ ಬಿದ್ದು ಸತ್ತಿದ್ದಳು. ತರೀಕೆರೆ ದಾಟಿದ ಮೇಲೆ ಸಿಗುವ ರಸ್ತೆ ಉಬ್ಬನ್ನು ಇವರು ನೋಡಲಿಲ್ಲ, ಜೋರಾಗಿ ಹಾರಿಸಿದರು, ಹಿಂದೆ ತಿರುಗಿದರೆ ಸೀಟು ಖಾಲಿ. ತಪ್ಪು ನನ್ನದೇ ಎಂದರು. ಹುಡುಗಿ ನೋಡಲು ಬಂದು ಹೀಗೆ ಮಾತಾಡುವ ಗಂಡಸನ್ನು ನಾನು ಕಂಡಿರಲಿಲ್ಲ. ಅಲ್ಲೇ ಮನಸ್ಸು ಕೊಟ್ಟುಬಿಟ್ಟೆ, ಮುಚ್ಚಿಡುವುದೇನಿದೆ.

ಮದುವೆಯ ಹಿಂದಿನ ದಿನ ಅತ್ತೆ ಪ್ರೇಮಮ್ಮ ಒಂದು ಸಣ್ಣ ಚಿನ್ನದ ಬಿಲ್ಲೆ ತಂದರು. ಅದರ ಮೇಲೆ ಮಾಲಿನಿಯ ಹೆಸರಿತ್ತು. ಎರಡನೇ ಸಂಬಂಧಕ್ಕೆ ಬರುವವಳು ಮೊದಲನೆಯವಳ ಹೆಸರನ್ನು ತಾಳಿಯ ಪಕ್ಕದಲ್ಲೇ ಕಟ್ಟಿಕೊಳ್ಳಬೇಕು, ಅದು ಅವರ ಮನೆಯ ಪದ್ಧತಿ. ಹೋದವಳಿಗೂ ಒಂದು ಜಾಗ ಕೊಟ್ಟರೆ ಅವಳು ಬೇರೆ ಜಾಗ ಹುಡುಕುವುದಿಲ್ಲವಂತೆ. ನನಗೆ ಉರಿದುಹೋಯಿತು. ನನ್ನ ಕೊರಳು ನನ್ನದು, ನಿಮ್ಮ ಮನೆಯ ಸತ್ತವರನ್ನು ಹೊರಲು ನಾನು ಬರುತ್ತಿಲ್ಲ ಎಂದೆ. ಅತ್ತೆ ಬಿಲ್ಲೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋದರು.

ವಿಶ್ವನಾಥ್ ಒಳ್ಳೆಯ ಗಂಡ. ನನಗೆ ಕೆಮ್ಮು ಬಂದರೆ ಕೇಳದೆಯೇ ಮೆಣಸಿನ ಕಷಾಯ ಕಾಯಿಸುತ್ತಿದ್ದರು. ಆದರೆ ಬೈಕಿಗೆ ಮಾತ್ರ ಹತ್ತಿಸುತ್ತಿರಲಿಲ್ಲ. ತರೀಕೆರೆಯ ಮನೆಯಿಂದ ನಾನು ಎಂಟು ಗಂಟೆಯ ಬಸ್ಸಿಗೆ ಹೊರಟು ಬಂದು ಕ್ಯಾಬಿನ್ ಬಾಗಿಲು ತೆಗೆಯಬೇಕು, ಅವರು ಒಂಬತ್ತಕ್ಕೆ ಬೈಕಿನಲ್ಲಿ ಬರಬೇಕು. ಹೊಸ ಹೆಂಡತಿಗೆ ಬಸ್ಸು, ಸಾಹೇಬರಿಗೆ ಬೈಕು ಎಂದು ಕಂಡಕ್ಟರ್ ಕೂಡ ಚುಡಾಯಿಸುತ್ತಿದ್ದ. ಅಪಘಾತದ ಹೆದರಿಕೆ ಇರಬೇಕು ಎಂದು ನಾನು ಸುಮ್ಮನಿದ್ದೆ. ಆದರೂ ಅವರು ಟ್ಯಾಂಕಿಗೆ ಅಂಟಿಕೊಂಡಂತೆ ಮುಂದೆ ಸರಿದು ಕೂತು ಬರುವುದನ್ನು ನೋಡಿದಾಗ, ಅಷ್ಟು ಜಾಗ ಯಾರಿಗೆ ಬಿಟ್ಟಿದ್ದಾರೆ ಎನಿಸುತ್ತಿತ್ತು.

ಶ್ರಾವಣದ ಒಂದು ಬೆಳಿಗ್ಗೆ ಅದು ಕಣ್ಣಿಗೆ ಬಿತ್ತು. ಗಾಡಿ ನಿಲ್ಲಿಸುವ ಶೆಡ್ಡಿಗೆ ಹೋಗಲು ಅವರು ಬೈಕನ್ನು ಹಾಸಿನ ಮೇಲಿಂದಲೇ ದಾಟಿಸಬೇಕು. ಅವತ್ತು ಎದುರಿಗೆ ಲಾರಿ ಅಡ್ಡ ಬಂದಿದ್ದರಿಂದ ಅರ್ಧ ನಿಮಿಷ ಮೇಲೆಯೇ ನಿಂತರು. ಕಂಪ್ಯೂಟರ್ ಇನ್ನೂರ ಅರವತ್ತು ಕೆಜಿ ತೋರಿಸಿತು. ನಾನು ತೂಕದವಳು, ಸುಮ್ಮನೆ ಬಿಡುವವಳಲ್ಲ. ಮಧ್ಯಾಹ್ನ ಬೈಕೊಂದನ್ನೇ ತಳ್ಳಿಕೊಂಡು ಬಂದು ನಿಲ್ಲಿಸಿದೆ, ನೂರ ನಲವತ್ತು. ಮೂಟೆ ತೂಗುವ ಸಣ್ಣ ಮೆಷಿನ್ ಮೇಲೆ ಗಂಡನನ್ನು ನಗುನಗುತ್ತಾ ಹತ್ತಿಸಿದೆ, ಎಪ್ಪತ್ತು. ಎರಡೂ ಸೇರಿದರೆ ಇನ್ನೂರ ಹತ್ತು ತಾನೆ? ಮಿಕ್ಕ ಐವತ್ತು ಯಾರದು?

ತಲೆಯೊಳಗೆ ಹುಳ ಬಿಟ್ಟಂತಾಯಿತು. ಮರುದಿನವೂ ಇನ್ನೂರ ಅರವತ್ತು. ಮೆಷಿನ್ ಕೆಟ್ಟಿದೆ ಎಂದು ರಿಪೇರಿಯ ಕಾಂತರಾಜನನ್ನು ಕರೆಸಿದೆ. ಅವನು ಇಪ್ಪತ್ತು ಕೆಜಿಯ ಬಟ್ಟುಗಳನ್ನು ನಾಲ್ಕು ಮೂಲೆಯಲ್ಲೂ ಇಟ್ಟು ನೋಡಿದ. ತನ್ನ ಬೈಕನ್ನೂ ಹತ್ತಿಸಿ ತೂಗಿದ. ಎಲ್ಲವೂ ಕರಾರುವಾಕ್ಕು. ಅಷ್ಟರಲ್ಲಿ ವಿಶ್ವನಾಥ್ ಬಂದು ಹಾಸು ದಾಟಿದರು. ಕಾಂತರಾಜ ಪರದೆಯನ್ನು ನೋಡಿದ, ಬೈಕನ್ನು ನೋಡಿದ, ಆಮೇಲೆ ಬಟ್ಟುಗಳನ್ನು ಬೇಗ ಬೇಗ ಚೀಲಕ್ಕೆ ತುಂಬಿದ.

"ಮಿಷನ್ ಸರಿಯಾಗೈತೆ ಕಣಕ್ಕ," ಎಂದ. "ಮೇಲಿರೋದನ್ನ ತೋರಿಸ್ತದೆ, ಅಷ್ಟೇಯ."

ನನಗೆ ಹೆದರಿಕೆಗಿಂತ ಕುತೂಹಲವೇ ಜಾಸ್ತಿಯಾಯಿತು, ಅದೇ ನನ್ನ ಕೆಟ್ಟ ಬುದ್ಧಿ. ಮಾಲಿನಿಯ ತೂಕ ಎಷ್ಟಿತ್ತು ಎಂದು ಅತ್ತೆಯನ್ನು ಬಳಸಿ ಬಳಸಿ ಕೇಳಿದೆ. ಐವತ್ತರ ಆಸುಪಾಸು ಇರಬಹುದು, ಸಣ್ಣಕ್ಕಿದ್ದಳು ಎಂದರು. ಒಂದು ಸಂಜೆ ಉಬ್ಬಿನ ಹತ್ತಿರ ಬಸ್ಸಿಳಿದು ಹುಣಸೆಮರದ ಹಿಂದೆ ನಿಂತು ಕಾದೆ. ವಿಶ್ವನಾಥ್ ಬಂದವರು ಉಬ್ಬಿನ ಹತ್ತಿರ ಪೂರ್ತಿ ನಿಲ್ಲಿಸಿದರು, ಎರಡೂ ಕಾಲು ನೆಲಕ್ಕೂರಿದರು. ಬೈಕಿನ ಹಿಂಭಾಗ ಒಂದಿಷ್ಟು ಮೇಲೆದ್ದಿತು, ಯಾರೋ ಇಳಿದಾಗ ಏಳುವ ಹಾಗೆ. ಅವರು ತಲೆ ತಿರುಗಿಸಿ, ಯಾರನ್ನೋ ಕಳಿಸಿಕೊಡುವವರಂತೆ ನಕ್ಕರು. ಆ ನಗುವನ್ನು ನನಗೆ ಒಂದು ದಿನವೂ ಕೊಟ್ಟಿರಲಿಲ್ಲ. ಹೊಟ್ಟೆಕಿಚ್ಚಿನಿಂದ ಅವತ್ತು ನಾನು ಊಟ ಮಾಡಲಿಲ್ಲ.

ಹೊಟ್ಟೆಕಿಚ್ಚೊಂದೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ಕಾರ್ತಿಕದ ಹೊತ್ತಿಗೆ ವಿಶ್ವನಾಥರ ಪ್ಯಾಂಟು ಸೊಂಟದಲ್ಲಿ ನಿಲ್ಲದಾಯಿತು. ಮೂಟೆಯ ಮೆಷಿನ್ ಅರವತ್ತು ತೋರಿಸಿತು. ಡಾಕ್ಟರು ರಕ್ತ ನೋಡಿದರು, ಸಕ್ಕರೆ ನೋಡಿದರು, ಏನೂ ಇಲ್ಲ ಎಂದರು. ಆದರೆ ಬೆಳಿಗ್ಗೆ ಬೈಕು ಹಾಸು ಹತ್ತಿದಾಗ ಅದೇ ಇನ್ನೂರ ಅರವತ್ತು. ಇವರು ಹತ್ತು ಕೆಜಿ ಇಳಿದಿದ್ದರೆ, ಹಿಂದೆ ಕೂತವಳು ಹತ್ತು ಕೆಜಿ ಏರಿದ್ದಳು. ಲೆಕ್ಕವನ್ನು ಚೀಟಿಯ ಹಿಂದೆ ಬರೆದು ಎರಡು ಸಲ ಕೂಡಿ ನೋಡಿದೆ. ಹೀಗೇ ಬಿಟ್ಟರೆ ಇನ್ನೊಂದು ವರ್ಷಕ್ಕೆ ಮುಂದಿನ ಸೀಟು ಖಾಲಿಯಾಗುತ್ತಿತ್ತು.

ಅವತ್ತು ಮಧ್ಯಾಹ್ನ ಕ್ಯಾಬಿನ್ ಬಾಗಿಲು ಹಾಕಿ ನೇರವಾಗಿ ಕೇಳಿದೆ. ಅವರು ಸುಳ್ಳು ಹೇಳಲಿಲ್ಲ. ದಿನಾ ಉಬ್ಬಿನ ಹತ್ತಿರ ಹತ್ತುತ್ತಾಳೆ, ಎಡ ಭುಜದ ಮೇಲೆ ಕೈ ಇಡುತ್ತಾಳೆ, ಮಾತಿಲ್ಲ, ಸಂಜೆ ಅಲ್ಲೇ ಇಳಿಯುತ್ತಾಳೆ ಎಂದರು. ಇದು ನಿಮ್ಮನ್ನು ತಿನ್ನುತ್ತಿದೆ, ಗೊತ್ತಾ ಎಂದೆ. ಗೊತ್ತು ಎಂದರು.

"ಹಾಗಾದ್ರೆ ಹತ್ತಬೇಡ ಅನ್ನಿ," ಎಂದೆ.

ಅವರು ರಸ್ತೆಯ ಕಡೆ ತಿರುಗಿದರು. "ಒಂದ್ಸಲ ಬೀಳಿಸಿದೀನಿ ಕೋಮಲಾ. ಈಗ ಇಳಿ ಅಂತ ನನ್ ಬಾಯಲ್ಲಿ ಬರಲ್ಲ."

ಸಿಟ್ಟು ಬರಬೇಕಿತ್ತು, ಅಳು ಬಂತು. ಈ ಮನುಷ್ಯ ಸಾಯುವುದು ನನಗೆ ಬೇಡವಾಗಿತ್ತು, ಅಷ್ಟೇ ಗೊತ್ತಿತ್ತು. ಅವಳು ಜಾಗ ಹುಡುಕಿಕೊಂಡು ಹಿಂದಿನ ಸೀಟಿಗೆ ಬಂದದ್ದು ಯಾಕೆ ಎಂಬುದೂ ಗೊತ್ತಿತ್ತು. ನನ್ನ ಕೊರಳಲ್ಲಿ ಜಾಗ ಕೊಡದೆ ಹೊರಗೆ ನಿಲ್ಲಿಸಿದವಳು ನಾನೇ.

ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ ಅತ್ತೆಯ ಮುಂದೆ ಮಣೆಯ ಮೇಲೆ ಕೂತು, ಆ ಬಿಲ್ಲೆ ಕಟ್ಟಿ ಎಂದೆ. ಅವರು ಬಿಲ್ಲೆಗೆ ಅರಿಶಿನ ಕುಂಕುಮ ಹಚ್ಚಿದರು, ಒಂದು ಕುಪ್ಪಸದ ಬಟ್ಟೆ ಇಟ್ಟರು, ಮಾಲಿನಿಯ ಹೆಸರು ಹಿಡಿದು ಬಾರಮ್ಮ ಎಂದು ಕರೆದರು. ಆಮೇಲೆ ಅದನ್ನು ನನ್ನ ತಾಳಿಯ ದಾರಕ್ಕೆ ಪೋಣಿಸಿದರು.

"ಇನ್ಮೇಲೆ ಬಿಚ್ಚಂಗಿಲ್ಲ ಕಣೇ," ಎಂದರು. "ಯೋಚ್ನೆ ಮಾಡಿದೀಯ ತಾನೆ?"

ಮಾಡಿದ್ದೇನೆ ಎಂದೆ. ನಿಜವಾಗಿ, ಅರ್ಧ ಮಾತ್ರ ಮಾಡಿದ್ದೆ.

ಅವತ್ತು ಒಂಬತ್ತೂಕಾಲು ದಾಟಿದ ಮೇಲೆ ಬೈಕು ಹಾಸು ಹತ್ತಿತು. ಇನ್ನೂರು. ಸರಿಯಾಗಿ ಇನ್ನೂರು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಮೂಟೆಯ ಮೆಷಿನ್ ಮೇಲೆ ನಾನೂ ನಿಂತು ನೋಡಿಕೊಂಡೆ, ಎಂದಿನ ಐವತ್ನಾಲ್ಕೇ. ಗೆದ್ದೆ ಎಂದುಕೊಂಡೆ. ಹೊರಗೆ ಬಂದರೆ ವಿಶ್ವನಾಥ್ ಬೈಕಿನ ಪಕ್ಕದಲ್ಲಿ ನಿಂತು, ಹಿಂದಿನ ಸೀಟನ್ನು ಅಂಗೈಯಿಂದ ಸವರುತ್ತಿದ್ದರು. ಉಬ್ಬಿನ ಹತ್ತಿರ ಇಪ್ಪತ್ತು ನಿಮಿಷ ಕಾದೆ, ಬರಲಿಲ್ಲ ಎಂದರು.

ಮೂರು ದಿನ ಅವರು ಹಾಗೆಯೇ ಕಾದರು. ಮನೆಯಲ್ಲಿ ತಟ್ಟೆಯ ಮುಂದೆ ಕೂತು ಅನ್ನ ಕಲಸಿ ಹಾಗೇ ಬಿಡುತ್ತಿದ್ದರು. ಅವಳು ಇದ್ದಾಗ ಕರಗುತ್ತಿದ್ದ ಮನುಷ್ಯ ಅವಳಿಲ್ಲದೆಯೂ ಕರಗಲು ಶುರುವಾದರೆ ನಾನು ಮಾಡಿದ್ದಾದರೂ ಏನು? ನಾಲ್ಕನೇ ದಿನ ಎಂಟು ಗಂಟೆಯ ಬಸ್ಸು ಹೋಗಲು ಬಿಟ್ಟೆ. ಎಂಟೂವರೆಗೆ ಅವರು ಬೈಕು ತೆಗೆದಾಗ ಗೇಟಿನ ಹತ್ತಿರ ನಿಂತಿದ್ದೆ.

"ಇವತ್ತು ನಾನು ಕೂತ್ಕೋತೀನಿ ಕಣ್ರೀ," ಎಂದೆ.

ಅವರು ಬೇಡ ಎನ್ನಲು ಬಾಯಿ ತೆರೆದರು. ಕಣ್ಣು ನನ್ನ ಕೊರಳಿಗೆ ಹೋಯಿತು. ಮೂರು ದಿನ ಸೆರಗಿನೊಳಗಿದ್ದ ಬಿಲ್ಲೆಯನ್ನು ಅವರು ನೋಡಿದ್ದು ಆಗಲೇ. ಟ್ಯಾಂಕಿನ ಕಡೆ ಇನ್ನಷ್ಟು ಸರಿದು ಜಾಗ ಮಾಡಿದರು.

ಹತ್ತಿ ಕೂತೆ. ಏಳು ತಿಂಗಳು ಆಸೆಪಟ್ಟ ಸೀಟು, ಬಿಸಿಲಿಗೆ ಬೆಚ್ಚಗಿತ್ತು. ಊರು ದಾಟಿತು, ರಸ್ತೆಯ ಎರಡೂ ಕಡೆ ಕೊಯ್ದ ಜೋಳದ ಹೊಲಗಳು. ಬದುಕಿನಲ್ಲಿ ಅಷ್ಟು ಸುಖ ನನಗೆ ಯಾವತ್ತೂ ಆಗಿರಲಿಲ್ಲ. ಉಬ್ಬು ಕಂಡಿತು. ಅವರು ನಡೆಯುವವರಷ್ಟು ನಿಧಾನ ಮಾಡಿದರು.

"ಮಾಲಿನಿ," ಎಂದರು, ಮೆತ್ತಗೆ. "ಗಟ್ಟಿಯಾಗಿ ಹಿಡ್ಕೊ."

ನನ್ನ ಹೆಸರು ನಾಲಿಗೆಯ ತುದಿಯವರೆಗೆ ಬಂತು. ಒಂದು ಮಾತು ಹೇಳಿದ್ದರೆ ಆ ಸೀಟು ನನ್ನದಾಗುತ್ತಿತ್ತು, ಆದರೆ ಮುಂದೆ ಕೂತವರು ಮತ್ತೆ ಉಬ್ಬಿನ ಹತ್ತಿರ ಕಾಯಲು ಶುರುಮಾಡುತ್ತಿದ್ದರು. ನನ್ನ ಕೈಯನ್ನು ಅವರ ಎಡ ಭುಜದ ಮೇಲಿಟ್ಟೆ. ಅಂಗಿಯ ಕೆಳಗೆ ಮೂಳೆ ಸಿಕ್ಕಿತು.

"ಹಿಡ್ಕೊಂಡಿದೀನಿ," ಎಂದೆ.

ಬೈಕು ಉಬ್ಬನ್ನು ಹತ್ತಿ ಇಳಿಯಿತು. ಅವರು ದೀರ್ಘವಾಗಿ ಉಸಿರು ಬಿಟ್ಟು, ತಿರುಗಿ, ಹುಣಸೆಮರದ ಹಿಂದಿನಿಂದ ನಾನು ಕಂಡಿದ್ದ ಆ ನಗುವನ್ನು ನನಗೆ ಕೊಟ್ಟರು. ನಾನು ಅದನ್ನು ತೆಗೆದುಕೊಂಡೆ.