ಬಿಸ್ಕತ್ತಿನ ಡಬ್ಬದ ಕ್ಯಾಮೆರಾ

ದಂಡದ ಸಂದೇಶ ಬಂದದ್ದು ಎಲ್ಲರೂ ಊಟಕ್ಕೆ ಕೂತಾಗ. ಬ್ರೆಡ್ ವ್ಯಾನಿನ ಚಾಲಕ ಮೊಬೈಲು ನೋಡಿದ, ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದ, ಕೂಗಾಡಲು ಶುರು ಮಾಡಿದ. ಅವನಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂಬುದು ಬೀದಿಗೆಲ್ಲ ಗೊತ್ತು. ಆದರೆ ಈ ಸಲದ ಸಿಟ್ಟಿಗೆ ಕಾರಣವೂ ಇತ್ತು.

“ಮತ್ತೆ ಬಂತು ನೋಡು! ನೇರ ರಸ್ತೇಲಿ ಇಟ್ಟಿದಾರಲ್ಲ, ಅದೇ ಕ್ಯಾಮೆರಾ. ವೇಗದ ಮಿತಿ ಬೋರ್ಡು ಎಲ್ಲಿದೆ ಗೊತ್ತಾ? ಯಾವುದೋ ಸೋಪಿನ ಜಾಹೀರಾತಿನ ಹಿಂದೆ. ಬೋರ್ಡು ಕಾಣಬಾರದು, ದಂಡ ಮಾತ್ರ ತಪ್ಪಬಾರದು. ಅಲ್ಲಿ ಯಾರ ಪ್ರಾಣ ಉಳಿಸ್ತಿದಾರೆ ಇವರು? ಹಗಲು ದರೋಡೆ ಇದು!”

ಅವನ ಹೆಂಡತಿ ಆಸ್ಪತ್ರೆಯಲ್ಲಿ ಮೂಳೆ ಮುರಿದವರಿಗೆ ಪ್ಲಾಸ್ಟರ್ ಹಾಕುವ ಕೋಣೆಯಲ್ಲಿ ಸಹಾಯಕಿ. ಪ್ಲಾಸ್ಟರಿನ ಬಟ್ಟೆ ನೆನೆಸಿ ನೆನೆಸಿ ಅವಳ ಉಗುರಿನ ಸಂದಿಯೆಲ್ಲ ಬೆಳ್ಳಗಾಗಿತ್ತು. ಗಂಡನ ಕೂಗಾಟಕ್ಕೆ ಅವಳು ಜಗ್ಗುವವಳಲ್ಲ.

“ಬೋರ್ಡು ಮುಚ್ಚಿರೋದು ತಪ್ಪೇ ರೀ. ಹೋಗಿ ಜಗಳ ಆಡಿ, ಬೇಕಾದ್ರೆ ನಾನೂ ಬರ್ತೀನಿ. ಆದ್ರೆ ಯಾರ ಪ್ರಾಣ ಉಳೀತು ಅಂತ ಕೇಳ್ಬೇಡಿ. ಮೊದಲು ಆ ನೇರ ರಸ್ತೆಯಿಂದ ವಾರ ವಾರ ನಮ್ಮ ಕೋಣೆಗೆ ಜನ ಬರ್ತಿದ್ರು. ಕ್ಯಾಮೆರಾ ಬಂದ ಮೇಲೆ ಅಲ್ಲಿಂದ ಬರೋರು ಕಮ್ಮಿ ಆಗಿದಾರೆ.”

“ಹಾಗಾದ್ರೆ ನಿಮ್ಮ ಕೋಣೆ ಈಗ ಖಾಲಿ ಹೊಡೀತಿದ್ಯಾ?”

“ಇಲ್ಲ. ಈಗ ತಿರುವಿನಿಂದ ಬರ್ತಿದಾರೆ. ನೀವೆಲ್ಲ ಕ್ಯಾಮೆರಾ ಮುಂದೆ ಬ್ರೇಕ್ ಒತ್ತುತೀರಿ, ದಾಟಿದ ತಕ್ಷಣ ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಆಕ್ಸಿಲರೇಟರ್ ತುಳೀತೀರಿ. ಮುಂದೆ ಸಿಗೋದೇ ಆ ತಿರುವು. ನಮ್ಮಮ್ಮನ ಅಂಗಡಿ ಮುಂದೆ.”

ಚಾಲಕ ತಟ್ಟೆಯ ಕಡೆ ನೋಡಿದ. ಅವನೂ ಹಾಗೇ ತುಳಿಯುತ್ತಿದ್ದ.

ತಿರುವಿನಲ್ಲಿದ್ದದ್ದು ಅವನ ಅತ್ತೆಯ ಹೊಲಿಗೆ ಅಂಗಡಿ. ಕಾಲಲ್ಲಿ ತುಳಿಯುವ ಹಳೆಯ ಮಷೀನು, ಗೋಡೆಯ ಮೊಳೆಗಳಿಗೆ ನೇತುಹಾಕಿದ ಅರ್ಧ ಹೊಲಿದ ಸಮವಸ್ತ್ರಗಳು, ನೆಲದ ತುಂಬ ದಾರದ ತುಂಡು. ಕುಡಿಯುವ ನೀರಿನ ನಲ್ಲಿ ಮಾತ್ರ ರಸ್ತೆಯ ಆಚೆ. ನೀರು ಬೇಕೆಂದರೆ ದಾಟಬೇಕು. ದಾಟಬೇಕೆಂದರೆ ಕ್ಯಾನು ಹಿಡಿದು, ಸೆರಗು ಸಿಕ್ಕಿಸಿ, ಜೀವ ಕೈಯಲ್ಲಿ ಹಿಡಿದು ಕಾಯಬೇಕು. ವಾಹನಗಳು ತಿರುವಿನಲ್ಲಿ ಬರುವುದು ಕಾಣುವ ಹೊತ್ತಿಗೆ ಎದುರಿಗೇ ಬಂದಿರುತ್ತಿದ್ದವು.

ಅಲ್ಲೊಂದು ಕ್ಯಾಮೆರಾ ಹಾಕಿ ಎಂದು ಅತ್ತೆ ರಸ್ತೆ ಸುರಕ್ಷತೆಯ ಕಚೇರಿಗೆ ಅಲೆದಿದ್ದರು. “ಅರ್ಜಿ ಕೊಡಿ, ನೋಡೋಣ” ಎಂದಿದ್ದರು ಅಲ್ಲಿಯವರು. ಈ ‘ನೋಡೋಣ’ ಎಂಬ ಮಾತನ್ನು ಕಂಡುಹಿಡಿದವರು ಯಾರೋ, ಅವರ ಕೈಗೊಂದು ನೀರಿನ ಕ್ಯಾನು ಕೊಟ್ಟು ಆ ತಿರುವಿನಲ್ಲಿ ನಿಲ್ಲಿಸಬೇಕು.

ಅತ್ತೆ ಸುಮ್ಮನೆ ಕೂರುವ ಜೀವವಲ್ಲ. ಒಂದು ಚೌಕದ ಬಿಸ್ಕತ್ತಿನ ಡಬ್ಬಕ್ಕೆ ಬೂದು ಬಣ್ಣ ಬಳಿದರು. ಮುಚ್ಚಳದಲ್ಲಿ ತೂತು ಕೊರೆದು ಒಂದು ಗಾಜಿನ ಚೂರು ಅಂಟಿಸಿದರು. ಅದರ ಹಿಂದೆ ದಪ್ಪ ಕೋಟಿನ ದೊಡ್ಡ ಕಪ್ಪು ಗುಂಡಿಯೊಂದನ್ನು ಕೂರಿಸಿದರು. ಆಮೇಲೆ ಅಳಿಯನನ್ನು ಕರೆದರು.

“ಅಳಿಯಂದಿರೇ, ನಿಮ್ಮ ವ್ಯಾನಿನ ಮೇಲೆ ಹತ್ತಿ ಇದನ್ನ ನನ್ನ ಅಂಗಡಿ ಬೋರ್ಡಿನ ಕಂಬಕ್ಕೆ ಕಟ್ಟಿಕೊಡಿ.”

ಚಾಲಕ ಹೊಟ್ಟೆ ಹುಣ್ಣಾಗುವಂತೆ ನಕ್ಕ. “ಅತ್ತೆ, ಇದಕ್ಕೆ ಕಾಜಾ ಎಲ್ಲಿ? ಗುಂಡಿ ಇದೆ, ಕಾಜಾನೇ ಇಲ್ವಲ್ಲ!”

“ನಗಿ, ನಗಿ. ಬಿಗಿಯಾಗಿ ಕಟ್ಟಿ.”

ನಂಬಿದರೆ ನಂಬಿ, ಆ ಗುಂಡಿ ಕೆಲಸ ಮಾಡಿತು. ಮರುದಿನದಿಂದಲೇ ಕಾರು, ಲಾರಿ, ಬೈಕು ಎಲ್ಲವೂ ತಿರುವಿನಲ್ಲಿ ಬೆಕ್ಕಿನ ಹೆಜ್ಜೆ ಇಡತೊಡಗಿದವು. ಅತ್ತೆ ಕ್ಯಾನು ಹಿಡಿದು ರಸ್ತೆಗೆ ಇಳಿದರೆ ವಾಹನಗಳು ನಿಲ್ಲುತ್ತಿದ್ದವು. ಮೊದಮೊದಲು ಓಡಿ ದಾಟುತ್ತಿದ್ದವರು ಆಮೇಲೆ ನಡೆದೇ ದಾಟಿದರು. ತಾವೇ ಬಣ್ಣ ಬಳಿದ ಡಬ್ಬವನ್ನು ತಾವೇ ನಂಬಿಬಿಟ್ಟರು.

ಬೇಕರಿಯ ಅಂಗಳದಲ್ಲಿ ಚಾಲಕರು ಬೆಳಗಿನ ಟ್ರೇಗಳನ್ನು ವ್ಯಾನುಗಳಿಗೆ ತುಂಬುತ್ತಿದ್ದರು. ಎಲ್ಲರೂ ‘ಗಡಿಬಿಡಿ’ ಎಂದು ಕರೆಯುವ ಇನ್ನೊಬ್ಬ ಚಾಲಕ ಗೊಣಗುತ್ತಿದ್ದ.

“ಆ ತಿರುವಲ್ಲೂ ಕ್ಯಾಮೆರಾ ಹಾಕಿದಾರೆ ಅಣ್ಣ. ಇವರಿಗೆ ಎಷ್ಟು ತಿಂದರೂ ಹೊಟ್ಟೆ ತುಂಬಲ್ಲ. ಇನ್ನು ಅಂಗಡಿಗಳಿಗೆ ಹೊತ್ತಿಗೆ ಸರಿಯಾಗಿ ಮುಟ್ಟಿದ ಹಾಗೇ.”

ಬಾಯಿಗೆ ಬೀಗ ಹಾಕಿಕೊಳ್ಳಬೇಕಾದ ಹೊತ್ತು ಅದು. ಆದರೆ ನಮ್ಮ ಚಾಲಕನಿಗೆ ಒಂದು ಕಡೆ ನಗು, ಇನ್ನೊಂದು ಕಡೆ ಗೆಳೆಯನಿಗೆ ಉಪಕಾರ ಮಾಡುವ ಉಮೇದು.

“ಅಯ್ಯೋ ಪೆದ್ದ, ಅದು ಖಾಲಿ ಡಬ್ಬ ಕಣೋ! ಒಳಗೆ ಕೋಟಿನ ಗುಂಡಿ ಇದೆ. ನಾನೇ ಕಟ್ಟಿದ್ದು. ಆರಾಮಾಗಿ ಹೊಡಿ ಗಾಡೀನ!”

ಅಂಗಳವೆಲ್ಲ ಗೊಳ್ಳೆಂದು ನಕ್ಕಿತು. ಆ ಮಾತು ಬ್ರೆಡ್ಡಿನ ಜೊತೆ ಅಂಗಡಿ ಅಂಗಡಿಗೂ ಹೋಯಿತು. ಸಂಜೆ ಹೊತ್ತಿಗೆ ಆ ದಾರಿಯ ಚಾಲಕರಿಗೆಲ್ಲ ಸುದ್ದಿ ಮುಟ್ಟಿತ್ತು. ಸುದ್ದಿ ಮುಟ್ಟದೆ ಉಳಿದದ್ದು ಒಬ್ಬರಿಗೇ: ತಿರುವಿನಲ್ಲಿ ಕ್ಯಾನು ಹಿಡಿದು ರಸ್ತೆಗೆ ಇಳಿಯುವ ಅತ್ತೆಗೆ.

ಎರಡು ದಿನ ಕಳೆದ ಮೇಲೆ, ಮಧ್ಯಾಹ್ನ, ಚಾಲಕ ಒಂದು ಅಂಗಡಿಗೆ ಟ್ರೇ ಇಳಿಸುತ್ತಿದ್ದಾಗ ಹೆಂಡತಿಯ ಕರೆ ಬಂತು.

“ರೀ, ಅಮ್ಮನ್ನ ನಮ್ಮ ಕೋಣೆಗೇ ತಂದಿದಾರೆ.”

ಅಷ್ಟೇ ಹೇಳಿದಳು. ಅವನು ಟ್ರೇಗಳನ್ನು ಅಲ್ಲೇ ಬಿಟ್ಟು ವ್ಯಾನು ಹತ್ತಿದ.

ಆಸ್ಪತ್ರೆಯ ಕಾರಿಡಾರಿನಲ್ಲಿ ಗಡಿಬಿಡಿ ತಲೆ ತಗ್ಗಿಸಿ ಕೂತಿದ್ದ. ಗುದ್ದಿದ್ದು ಅವನ ವ್ಯಾನೇ. ಟ್ರೇಗಳನ್ನು ಬೀದಿಗೆ ಎಸೆದು, ಅತ್ತೆಯನ್ನು ಅದೇ ವ್ಯಾನಿನಲ್ಲಿ ಮಲಗಿಸಿಕೊಂಡು ಬಂದವನೂ ಅವನೇ. ನಮ್ಮ ಚಾಲಕನಿಗೆ ಸಿಟ್ಟು ನೆತ್ತಿಗೇರಿತು. ಹೋದವನೇ ಅವನ ಕೊರಳಪಟ್ಟಿ ಹಿಡಿದು ಎತ್ತಿದ.

“ಕಣ್ಣಿಲ್ವೇನೋ ನಿಂಗೆ? ಮನುಷ್ಯರು ದಾಟೋ ಜಾಗ ಅದು! ಅಲ್ಲಿ ಅಷ್ಟು ವೇಗವಾಗಿ ಯಾಕೋ ಬಂದೆ?”

ಗಡಿಬಿಡಿ ಬಿಡಿಸಿಕೊಳ್ಳಲಿಲ್ಲ. “ಖಾಲಿ ಡಬ್ಬ, ಆರಾಮಾಗಿ ಹೊಡಿ ಅಂತ ನೀನೇ ಹೇಳಿದ್ದಲ್ಲ ಅಣ್ಣ” ಎಂದ.

ಚಾಲಕನ ಕೈ ತಾನಾಗಿಯೇ ಸಡಿಲವಾಯಿತು. ಆಗಲೇ ಕೋಣೆಯ ಬಾಗಿಲು ತೆರೆಯಿತು. ಹೆಂಡತಿ ಹೊರಗೆ ಬಂದಳು. ಅವಳ ಕೈಗಳಿಗೆ ಮೊಣಕೈಯವರೆಗೂ ಹಸಿ ಪ್ಲಾಸ್ಟರು ಮೆತ್ತಿತ್ತು.

“ಬಲಗಾಲು” ಎಂದಳು. “ಎರಡು ಕಡೆ ಮುರಿದಿದೆ. ಪ್ರಾಣಕ್ಕೇನೂ ಇಲ್ಲ. ಆದ್ರೆ ಮಷೀನ್ ತುಳಿಯೋ ಕಾಲು ಅದು. ಮತ್ತೆ ತುಳಿಯೋಕೆ ಆಗುತ್ತೋ ಇಲ್ವೋ ಡಾಕ್ಟರೂ ಹೇಳ್ತಿಲ್ಲ.” ಸಿಟ್ಟಿನಿಂದ ಗಂಡನ ಕಡೆ ತಿರುಗಿದಳು. “ಈ ಹುಡುಗ ಹೇಳಿದ್ದೆಲ್ಲ ಕೇಳಿಸ್ತು ನನಗೆ. ಡಬ್ಬ ಖಾಲಿ ಅಂತ ಊರಿಗೆಲ್ಲ ಹೇಳಿದ್ರಲ್ಲ, ರಸ್ತೆ ಖಾಲಿ ಇಲ್ಲ ಅಂತ ಯಾಕ್ರೀ ಹೇಳ್ಲಿಲ್ಲ?”



ಅತ್ತೆ ಅವನ ಮೇಲೆ ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಹಲವು ದಿನ ಕಳೆದ ಮೇಲೆ, ಒಂದು ಬೆಳಿಗ್ಗೆ ಹಾಸಿಗೆಯ ಮೇಲಿಂದ ಇಷ್ಟು ಹೇಳಿದರು:

“ನನ್ನ ಗುಂಡಿ ಯಾರ ಹತ್ರಾನೂ ಒಂದು ಕಾಸು ಕಿತ್ಕೊಳ್ಳಲಿಲ್ಲ. ಆದ್ರೂ ಗಾಡಿಗಳು ನಿಧಾನ ಆದ್ವು, ಅಲ್ವಾ? ಯಾರೋ ನೋಡ್ತಿದಾರೆ ಅಂತ ಗೊತ್ತಾದ್ರೆ ಸಾಕು, ಬ್ರೇಕು ತಾನಾಗೇ ಬೀಳುತ್ತೆ. ಒಂದು ಗುಂಡಿಗೆ ಹೆದರ್ತೀರಿ ನೀವು. ಎದುರಿಗೆ ನಿಂತಿರೋ ಮನುಷ್ಯರು ಮಾತ್ರ ನಿಮಗೆ ಲೆಕ್ಕಕ್ಕಿಲ್ಲ. ಥೂ!”

ಆ ‘ಥೂ’ ಅವನ ಎದೆಗೇ ಬಿತ್ತು. ಅವನು ಅಂದೇ ದಂಡ ಕಟ್ಟಿದ. ಮರುದಿನ ಬೀದಿಯವರನ್ನು ಕರೆದುಕೊಂಡು, ಅತ್ತೆಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ಹೆಂಡತಿಯ ಜೊತೆ ಕಚೇರಿಗೆ ಹೋದ.

“ದಂಡ ಮನ್ನಾ ಮಾಡೋಕೆ ಆಗಲ್ಲ” ಎಂದ ಅಧಿಕಾರಿ, ತಲೆ ಎತ್ತದೆಯೇ.

“ದಂಡ ಕಟ್ಟಿಯೇ ಬಂದಿದೀನಿ ಸಾರ್. ನೇರ ರಸ್ತೆ ಬೋರ್ಡಿನ ಮುಂದಿರೋ ಜಾಹೀರಾತು ತೆಗೀರಿ. ತಿರುವಲ್ಲಿ ಕ್ಯಾಮೆರಾ ಹಾಕಿ. ವಸೂಲಾದ ದಂಡ ಎಲ್ಲಿಗೆ ಹೋಗುತ್ತೆ ಅಂತ ಜನರಿಗೆ ಹೇಳಿ. ಇಷ್ಟೇ ನಾವು ಕೇಳ್ತಿರೋದು.”

ಅಧಿಕಾರಿ ನಿಟ್ಟುಸಿರು ಬಿಟ್ಟ. “ನೋಡಿ, ಆ ತಿರುವಲ್ಲಿ ದಂಡಕ್ಕೆ ಸಿಗೋ ಗಾಡಿಗಳು ಕಮ್ಮಿ. ಅಲ್ಲಿ ಹಾಕಿದ್ರೆ ಕ್ಯಾಮೆರಾ ಖರ್ಚೂ ಹುಟ್ಟಲ್ಲ.”

ಚಾಲಕ ಮೇಜಿನ ಹತ್ತಿರಕ್ಕೆ ಸರಿದ.

“ಹಾಗಾದ್ರೆ ನಾನು ಇಷ್ಟು ದಿನ ಬೈದದ್ದು ಪೂರ್ತಿ ಸುಳ್ಳಲ್ಲ” ಎಂದ. “ಕೇಳಿ ಸಾರ್. ದುಡ್ಡು ಹುಟ್ಟದ ಕ್ಯಾಮೆರಾನೇ ಸರಿಯಾಗಿ ಕೆಲಸ ಮಾಡೋ ಕ್ಯಾಮೆರಾ. ದಂಡ ಬೀಳ್ತಿಲ್ಲ ಅಂದ್ರೆ ಎಲ್ಲರೂ ನಿಧಾನಕ್ಕೆ ಹೋಗ್ತಿದಾರೆ ಅಂತ ಅರ್ಥ. ದುಡ್ಡು ಎಲ್ಲಿ ಬೀಳುತ್ತೆ ಅಂತ ನೋಡ್ಬೇಡಿ. ಜನ ಎಲ್ಲಿ ಬೀಳ್ತಿದಾರೆ ನೋಡಿ. ಇಲ್ಲಿ ಕೂತಿದಾರಲ್ಲ, ಇವರನ್ನ ನೋಡಿ!”

ಅಧಿಕಾರಿ ಆಗ ತಲೆ ಎತ್ತಿದ. ಅತ್ತೆಯ ಕಾಲನ್ನು ನೋಡಿದ. ಅರ್ಜಿ ಕೇಳಿ ತೆಗೆದುಕೊಂಡ.

ಒಂದೇ ಭೇಟಿಗೆ ಎಲ್ಲ ಆಗಿಬಿಟ್ಟಿತು ಎಂದುಕೊಳ್ಳಬೇಡಿ. ಬೀದಿಯವರು ಮತ್ತೆ ಮತ್ತೆ ಹೋದರು. ಬೇಕರಿಯ ಚಾಲಕರೂ ಸೇರಿಕೊಂಡರು, ಎಲ್ಲರಿಗಿಂತ ಮುಂದೆ ಗಡಿಬಿಡಿ. ಮೊದಲು ಸೋಪಿನ ಜಾಹೀರಾತು ಹೋಯಿತು, ಬೋರ್ಡು ಕಂಡಿತು. ಆಮೇಲೆ ತಿರುವಿನಲ್ಲಿ ರಸ್ತೆ ಉಬ್ಬುಗಳು ಬಂದವು. ನಿಜವಾದ ಕ್ಯಾಮೆರಾ ಮಂಜೂರಾಗಿದೆ, ಇನ್ನೂ ಬಂದಿಲ್ಲ. ದಂಡದ ಲೆಕ್ಕವಂತೂ ಯಾರೂ ಹೇಳಿಲ್ಲ. ಅದಕ್ಕೇ ಅವರು ಹೋಗುವುದನ್ನು ಬಿಟ್ಟಿಲ್ಲ.

ಅತ್ತೆ ಈಗ ಎಡಗಾಲಿನಿಂದ ಮಷೀನು ತುಳಿಯುವುದನ್ನು ಕಲಿಯುತ್ತಿದ್ದಾರೆ. ಹೊಲಿಗೆ ಅಂಕುಡೊಂಕಾದಾಗಲೆಲ್ಲ ಅಳಿಯನಿಗೆ ಬೈಗುಳ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡು, ರಸ್ತೆ ದಾಟಿ ನೀರು ತಂದಿಟ್ಟು ಹೋಗುತ್ತಾನೆ.

ಮೊನ್ನೆ ಬೇಕರಿಗೆ ಹೊಸ ಚಾಲಕನೊಬ್ಬ ಸೇರಿದ. ಟ್ರೇ ತುಂಬುತ್ತಾ ಮೆಲ್ಲಗೆ ಕೇಳಿದ, “ಅಣ್ಣ, ಆ ತಿರುವಲ್ಲಿರೋ ಡಬ್ಬದೊಳಗೆ ನಿಜವಾಗ್ಲೂ ಕ್ಯಾಮೆರಾ ಇದ್ಯಾ?”

ಅಂಗಳದಲ್ಲಿ ಯಾರೂ ನಗಲಿಲ್ಲ.

“ಕ್ಯಾಮೆರಾ ಇಲ್ಲ ಕಣೋ” ಎಂದ ನಮ್ಮ ಚಾಲಕ. “ನಮ್ಮತ್ತೆ ಇದಾರೆ.”

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ದಾರಿಯಲ್ಲೂ ಒಂದು ತಿರುವಿದೆ. ಅಲ್ಲಿಯೂ ಯಾರೋ ಕೈಯಲ್ಲಿ ಏನೋ ಹಿಡಿದು ದಾಟಲು ಕಾದು ನಿಂತಿದ್ದಾರೆ. ಕ್ಯಾಮೆರಾ ಇದೆಯೋ ಇಲ್ಲವೋ ಎಂದು ವಿಚಾರಿಸುವುದನ್ನು ಬಿಡಿ, ಅಲ್ಲಿ ನಿಧಾನಿಸಿ. ಕ್ಯಾಮೆರಾ ದಾಟಿದ ಮೇಲೂ ನಿಧಾನವಾಗಿಯೇ ಹೋಗಿ. ನಿಮ್ಮೂರಿನ ಕ್ಯಾಮೆರಾ ಅಪಾಯವಿರುವ ಜಾಗ ಬಿಟ್ಟು ದುಡ್ಡಿರುವ ಜಾಗದಲ್ಲಿ ನಿಂತಿದ್ದರೆ, ಬೋರ್ಡು ಯಾವುದರದೋ ಹಿಂದೆ ಮರೆಯಾಗಿದ್ದರೆ, ಬೈದು ಸುಮ್ಮನಾಗಬೇಡಿ. ಬೀದಿಯವರೆಲ್ಲ ಸೇರಿ ಕಚೇರಿಗೆ ಹೋಗಿ, ಗಟ್ಟಿಯಾಗಿ ಕೇಳಿ. ‘ನೋಡೋಣ’ ಎಂದರೆ ಮರುದಿನ ಮತ್ತೆ ಹೋಗಿ. ಆದರೆ ಹೋಗುವಾಗ ದಾರಿಯಲ್ಲಿ ನಿಧಾನವಾಗಿ ಹೋಗಿ.