ಕೆಂಪು ಗಾಜು ನುಂಗಿದ ಚುಕ್ಕೆಗಳು

ನನ್ನ ಸ್ಟುಡಿಯೋದಲ್ಲಿ ಫೋಟೋ ತೆಗೆಸಿಕೊಳ್ಳುವವರ ಕಾಟ ಕಡಿಮೆ, ಅವರ ಅಮ್ಮಂದಿರ ಕಾಟವೇ ಜಾಸ್ತಿ. ಯುದ್ಧ ಮುಗಿದ ಮೇಲಂತೂ ನಮ್ಮ ಕೀಥಿರಾ ದ್ವೀಪದಲ್ಲಿ ಗಂಡಸು ಅಂತ ಉಳಿದವರು ಪಾದ್ರಿ, ಪೋಸ್ಟ್‌ಮ್ಯಾನ್, ನಾನು ಮತ್ತು ಕತ್ತೆಗಳು. ಮಿಕ್ಕವರೆಲ್ಲ ಆಸ್ಟ್ರೇಲಿಯಾಕ್ಕೆ ಹೋಗಿ ಹೋಟೆಲು ಇಟ್ಟುಕೊಂಡು, ಅಲ್ಲಿಂದಲೇ ಹೆಣ್ಣು ನೋಡುತ್ತಿದ್ದರು. ಹೆಣ್ಣು ನೋಡುವುದೆಂದರೆ ನಾನು ತೆಗೆದ ಫೋಟೋ ನೋಡುವುದು, ಅಷ್ಟೇ. ಒಪ್ಪಿಗೆಯಾದರೆ ಟಿಕೆಟ್ ಬರುತ್ತಿತ್ತು, ಹುಡುಗಿ ಹಡಗು ಹತ್ತುತ್ತಿದ್ದಳು. ಹೀಗಾಗಿ ನಮ್ಮೂರು ಪೊಟಾಮೋಸಿನ ಭಾನುವಾರದ ಸಂತೆಗೆ ಬಂದ ತಾಯಂದಿರೆಲ್ಲ ಈರುಳ್ಳಿ ಕೊಂಡಾದ ಮೇಲೆ ನನ್ನ ಬಾಗಿಲು ತಟ್ಟುತ್ತಿದ್ದರು.

ಆ ಭಾನುವಾರ ಬಂದವಳು ಅನೆಜಿಯೋ. ಎಣ್ಣೆ ಗಾಣದ ಪಕ್ಕದ ಮನೆಯ ವಿಧವೆ, ಅವಳ ಬಾಯಿಗೆ ಪಾದ್ರಿಯೇ ಹೆದರುತ್ತಾನೆ. ಜೊತೆಗೆ ಮಗಳು ಗರುಫಾಲಿಯಾ, ಇಪ್ಪತ್ತೆರಡು ವರ್ಷದವಳು. ಮಗುವಾಗಿದ್ದಾಗ ಚರ್ಚಿನಲ್ಲಿ ಅವಳಿಗೆ ಎಣ್ಣೆ ಸವರಿ, ನೀರಿನಲ್ಲಿ ಮುಳುಗಿಸಿ ಹೆಸರಿಟ್ಟವನು ನಾನೇ. ನಮ್ಮಲ್ಲಿ ಅಂಥವನನ್ನು ನೌನೋ ಅನ್ನುತ್ತಾರೆ, ಕರೆಯುವಾಗ ನೌನೆ. ಅಪ್ಪನಿಲ್ಲದ ಹುಡುಗಿಗೆ ಅವನೇ ಅಪ್ಪ. ನೀರಿನಿಂದ ಎತ್ತಿದಾಗ ಅವಳ ಮುಖ ನುಣ್ಣಗಿತ್ತು, ದೇವರಾಣೆ. ಆಮೇಲೆ ಬಿಸಿಲು ಬಿದ್ದಂತೆಲ್ಲ ಕೆಂಗಂದು ಚುಕ್ಕೆ ಎದ್ದವು. ಹಣೆ, ಮೂಗು, ಕೆನ್ನೆ, ಒಂದು ಜಾಗ ಬಿಡದೆ, ರೊಟ್ಟಿಯ ಮೇಲೆ ಎಳ್ಳು ಉದುರಿಸಿದ ಹಾಗೆ.

"ಮಿನಾ, ಈ ದರಿದ್ರ ಚುಕ್ಕೆ ಒಂದೂ ಕಾಣಬಾರದು," ಎಂದು ನನ್ನ ಹೆಸರು ಕೂಗುತ್ತಲೇ ಒಳಗೆ ಕಾಲಿಟ್ಟಳು ಅನೆಜಿಯೋ. "ಜಖರಿಯಾಸನ ಅಮ್ಮ ಬಂದು ಕೇಳಿದಾಳೆ. ಆಸ್ಟ್ರೇಲಿಯಾದಲ್ಲಿ ಅವನದೇ ಸ್ವಂತ ಅಂಗಡಿ ಕಣೋ! ಇಂಥ ಸಂಬಂಧ ಮತ್ತೆ ಸಿಗುತ್ತಾ?"

"ಕಾಣದ ಹಾಗೆ ಮಾಡೋದೇನು ದೊಡ್ಡ ವಿಷ್ಯ ಅಲ್ಲ," ಎಂದೆ. ಹೇಳಬಾರದಿತ್ತು. ನನ್ನ ವಿದ್ಯೆ ತೋರಿಸುವ ಚಪಲ ನನಗೆ ಮೊದಲಿನಿಂದಲೂ ಇದೆ.

ಲೆನ್ಸಿನ ಮುಂದೆ ಹಾಕುವ ಬಣ್ಣದ ಗಾಜುಗಳು, ಅಂದರೆ ಫಿಲ್ಟರುಗಳು, ನನ್ನ ಹತ್ತಿರ ನಾಲ್ಕಿದ್ದವು. ಕಪ್ಪು-ಬಿಳುಪು ಫೋಟೋದಲ್ಲಿ ಅವುಗಳ ಆಟ ಸರಳ: ಗಾಜಿಗೆ ಯಾವ ಬಣ್ಣವೋ ಆ ಬಣ್ಣದ್ದೆಲ್ಲ ಬೆಳ್ಳಗಾಗುತ್ತದೆ, ಅದಕ್ಕೆ ವಿರುದ್ಧದ ಬಣ್ಣ ಕಪ್ಪಾಗುತ್ತದೆ. ಹಳದಿ ಗಾಜು ಹಾಕಿದರೆ ಆಕಾಶದ ಮೋಡ ಎದ್ದು ಕಾಣುತ್ತದೆ. ಕಿತ್ತಳೆ ಹಾಕಿದರೆ ಚುಕ್ಕೆ ಅರ್ಧಕ್ಕರ್ಧ ಮಾಸುತ್ತವೆ. ಕೆಂಪು ಹಾಕಿದರೆ ಪೂರ್ತಿ ಮಾಯ. ಹಸಿರು ಗಾಜು ಮಾತ್ರ ಚಾಡಿಕೋರ, ಇದ್ದದ್ದನ್ನು ಇನ್ನಷ್ಟು ಗಾಢ ಮಾಡಿ ತೋರಿಸುತ್ತದೆ.

"ಕಿತ್ತಳೆ ಹಾಕ್ತೀನಿ. ನೋಡೋಕೆ ಸಹಜವಾಗಿರುತ್ತೆ," ಎಂದೆ.

"ಅರ್ಧಂಬರ್ಧ ಯಾವನಿಗೆ ಬೇಕು? ಕೆಂಪು ಹಾಕು!"

"ಕೆಂಪು ಹಾಕಿದ್ರೆ ಅವಳ ತುಟೀನೂ ಬಿಳಚಿಕೊಳ್ಳುತ್ತೆ ಕಣಮ್ಮಾ. ಹಿಟ್ಟಿನ ಗೊಂಬೆ ಥರ ಕಾಣ್ತಾಳೆ."

"ಅದಕ್ಕೇನಾದ್ರೂ ಮಾಡು. ನೀನು ಫೋಟೋಗ್ರಾಫರೋ, ಅಲ್ಲ ಸುಣ್ಣ ಹೊಡೆಯೋನೋ?"

ಮಾಡಿದೆ. ನಾನು ಕುಡಿದಿಟ್ಟ ಲೋಟದ ತಳದಲ್ಲಿದ್ದ ಕಾಫಿ ಗಸಿಯನ್ನು ಗರುಫಾಲಿಯಾಳ ತುಟಿಗೆ ತೆಳ್ಳಗೆ ಬಳಿದೆ. ಕೆಂಪು ಗಾಜಿನಲ್ಲಿ ಬೆಳಕು ಸೋರಿ ಬರುವುದು ಬಹಳ ನಿಧಾನ, ಎಂಟು ಪಟ್ಟು ಹೊತ್ತು ಅಲುಗಾಡದೆ ಕೂರಬೇಕು. ಅವಳು ಕೂತಳು. ಮೂಗಿನ ತುದಿಗೆ ನೊಣ ಬಂದು ಕೂತರೂ ಅಲುಗಲಿಲ್ಲ.

"ಕಾಫಿ ಕಹಿ," ಎಂದಳು ಮುಗಿದ ಮೇಲೆ. ಅಷ್ಟೇ ಅಂದದ್ದು.

ಬುಧವಾರ ಪ್ರಿಂಟು ತೋರಿಸಿದಾಗ ಅನೆಜಿಯೋ ಎದೆಯ ಮೇಲೆ ಮೂರು ಸಲ ಶಿಲುಬೆ ಗುರುತು ಹಾಕಿಕೊಂಡಳು. "ಅಯ್ಯೋ ನನ್ನ ಬಂಗಾರ! ಬೆಣ್ಣೆ ಥರ ಇದಾಳಲ್ಲೋ!"

ಗರುಫಾಲಿಯಾ ಫೋಟೋವನ್ನು ಕಿಟಕಿಯ ಹತ್ತಿರ ಒಯ್ದು ನೋಡಿದಳು. "ಇವಳ್ಯಾರು, ನೌನೆ?"

"ನೀನೇ ಕಣೆ."

"ಹಡಗು ಒಂದು ತಿಂಗಳು ಹೋಗುತ್ತಂತೆ. ಕೊನೆಗೆ ಇಳಿತೀನಿ. ಆ ಮನುಷ್ಯ ಈ ಫೋಟೋ ಕೈಲಿ ಹಿಡ್ಕೊಂಡು ಒಂದ್ಸಲ ಇದನ್ನ ನೋಡ್ತಾನೆ, ಒಂದ್ಸಲ ನನ್ನ ನೋಡ್ತಾನೆ. ಇವಳಲ್ಲ ಅಂದುಬಿಟ್ರೆ? ಅಲ್ಲಿ ನಂಗೆ ಯಾರಿದಾರೆ? ಅಲ್ಲಿಂದ ಈಜಿಕೊಂಡು ಬರ್ಲಾ?"

ಅಂಥ ಎಷ್ಟು ಹುಡುಗಿಯರನ್ನು ನಾನು ತಿದ್ದಿ ತೀಡಿ ಹಡಗಿಗೆ ಕಳಿಸಿರಲಿಲ್ಲ! ಒಬ್ಬಳೂ ಈ ಪ್ರಶ್ನೆ ಕೇಳಿರಲಿಲ್ಲ. ಅಥವಾ ಕೇಳುವ ಧೈರ್ಯ ಅವರಿಗಿರಲಿಲ್ಲವೋ ಏನೋ.

"ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ," ಅನೆಜಿಯೋ ಫೋಟೋ ಕಿತ್ತುಕೊಂಡಳು. "ಇಲ್ಲಿ ಒಂದೇ ಒಂದು ಗಾಜು ಹಾಕಿದ್ದಕ್ಕೆ ಇಷ್ಟೊಂದು ಮಾತಾ? ಹಾಕು ಮಿನಾ, ಅಂಚೆಗೆ ಹಾಕು."

ಹಾಕಿದೆ. ನೌನೋ ಆದವನು ಅಡ್ಡ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಅನೆಜಿಯೋಳ ಬಾಯಿಗೆ ಹೆದರಿದೆ, ಇನ್ನೇನು. ಆಮೇಲೆ ಪ್ರತಿ ಭಾನುವಾರ ಚರ್ಚಿನಲ್ಲಿ ಆ ಹುಡುಗಿ ಕಂಡರೆ ನಾನು ಮೇಣದಬತ್ತಿ ಸರಿಮಾಡುವ ನೆಪದಲ್ಲಿ ಮುಖ ತಿರುಗಿಸುತ್ತಿದ್ದೆ. ನಾಚಿಕೆಯಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಎರಡೂವರೆ ತಿಂಗಳಿಗೆ ಉತ್ತರ ಬಂತು. ಬಂದರಿಗೆ ಹೊಸದಾಗಿ ಬಂದ ಕಸ್ಟಮ್ಸ್ ಅಧಿಕಾರಿಯೊಬ್ಬ ಮೀಸೆ ತಿರುವಿಕೊಂಡು ನನ್ನ ಕ್ಯಾಮೆರಾದ ಮುಂದೆ ಕೂತಿದ್ದ. ಅನೆಜಿಯೋ ಮಗಳನ್ನು ಎಳೆದುಕೊಂಡು ನುಗ್ಗಿದವಳೇ ಅವನನ್ನು ಎಬ್ಬಿಸಿ ಆಚೆ ಕಳಿಸಿದಳು. "ನಿಮ್ಮ ಮೀಸೆ ಎಲ್ಲೂ ಓಡಿಹೋಗಲ್ಲ, ನಾಳೆ ಬನ್ನಿ!" ಅವಳಿಗೆ ಓದು ಬಾರದು, ಮಗಳ ಕೈಗೆ ಪತ್ರ ಕೊಡಲು ಮನಸ್ಸಿಲ್ಲ. ನನ್ನ ಕೈಗೆ ತುರುಕಿದಳು. "ಓದು. ಟಿಕೆಟ್ ಯಾವಾಗ ಅಂತೆ?"

ಗಟ್ಟಿಯಾಗಿ ಓದಿದೆ.

"ಮಾನ್ಯ ಅನೆಜಿಯೋ ಅವರಿಗೆ ಜಖರಿಯಾಸನ ನಮಸ್ಕಾರಗಳು. ಫೋಟೋ ತಲುಪಿತು. ಹುಡುಗಿ ಲಕ್ಷಣವಾಗಿದ್ದಾಳೆ. ಆದರೆ ನಾನು ಕೇಳಿದ್ದು ಗರುಫಾಲಿಯಾಳನ್ನು. ಹದಿನಾರನೇ ವಯಸ್ಸಿಗೆ ನಾನು ದ್ವೀಪ ಬಿಡುವಾಗ ಬಂದರಿನಲ್ಲಿ ಎಲ್ಲರೂ ಅಳುತ್ತಿದ್ದರು. ಮುಖದ ತುಂಬ ಚುಕ್ಕೆಯಿದ್ದ ಒಂಬತ್ತು ವರ್ಷದ ಹುಡುಗಿಯೊಬ್ಬಳು ಮಾತ್ರ ಬಂದು, ಅಷ್ಟು ದೂರ ಹೋಗ್ತಿದ್ದೀಯಲ್ಲ, ದಾರಿ ಮರೆತರೆ ಏನು ಮಾಡ್ತೀಯ ಎಂದು ಕೇಳಿದಳು. ಆ ಮುಖ ನನಗೆ ಇವತ್ತಿಗೂ ನೆನಪಿದೆ. ಈ ಫೋಟೋದಲ್ಲಿರುವುದು ಅವಳ ತಂಗಿಯೋ, ದೊಡ್ಡಪ್ಪನ ಮಗಳೋ ಇರಬೇಕು. ಗರುಫಾಲಿಯಾಳಿಗೆ ಮದುವೆ ಆಗಿಹೋಗಿದ್ದರೆ ಹಾಗೆಂದು ಹೇಳಿಬಿಡಿ, ನನಗೆ ಬೇಸರವಿಲ್ಲ. ಅವಳ ಬದಲು ಇನ್ನೊಬ್ಬರು ಬೇಡ."

ಗರುಫಾಲಿಯಾ ಸೆರಗಿನಂತೆ ಹೊದ್ದಿದ್ದ ತಲೆವಸ್ತ್ರವನ್ನು ಬಾಯಿಗೆ ಒತ್ತಿಕೊಂಡಳು. ಅಳುತ್ತಾಳೇನೋ ಅಂದುಕೊಂಡೆ. ನಗುತ್ತಿದ್ದಳು.

"ಮಿನಾ!" ಅನೆಜಿಯೋ ಕಿರುಚಿದಳು. "ಎಲ್ಲಾ ನಿನ್ನಿಂದಾನೇ ಆಗಿದ್ದು! ಚುಕ್ಕೆ ವಾಪಸ್ ಹಾಕು!"

"ನನ್ನಿಂದಾನಾ? ಕೆಂಪು ಹಾಕು ಅಂತ ಕೂಗಿದ್ದು ನಾನಾ, ನೀನಾ?"

"ನಾನೊಬ್ಬಳು ಓದು ಬಾರದ ಹೆಂಗಸು, ನಾನು ಹೇಳಿದ್ದೆಲ್ಲ ಕೇಳ್ತಾರೇನೋ? ಆ ಹಸಿರು ಗಾಜು ತೆಗಿ. ಒಂದೊಂದು ಚುಕ್ಕೆನೂ ಮೆಣಸಿನಕಾಳಿನ ಥರ ಕಾಣಬೇಕು. ಇದ್ದದ್ದಕ್ಕಿಂತ ನಾಲ್ಕು ಜಾಸ್ತಿನೇ ಬಂದರೂ ಪರವಾಗಿಲ್ಲ!"

ನಾನು ನಗುತ್ತಲೇ ಹಸಿರು ಫಿಲ್ಟರನ್ನು ಒರೆಸಿ ಲೆನ್ಸಿಗೆ ತಿರುಗಿಸಿದೆ. ಗರುಫಾಲಿಯಾ ಕುರ್ಚಿಗೆ ಬಂದು ಕೂತಳು. ನನ್ನ ಕೈಯನ್ನೇ ನೋಡುತ್ತಿದ್ದವಳು ಹೇಳಿದಳು:

"ಅದನ್ನೂ ತೆಗಿ, ನೌನೆ."

"ಯಾಕೆ? ಇದು ಚುಕ್ಕೆ ಚೆನ್ನಾಗಿ ತೋರ್ಸುತ್ತೆ."

"ಅದು ತೋರ್ಸೋಳೂ ನಾನಲ್ಲ. ಅಮ್ಮನ ಆಸೆಗೆ ಬೆಣ್ಣೆಯಾದೆ, ಈಗ ಅವನ ಆಸೆಗೆ ಮೆಣಸಿನಕಾಳಾಗ್ಲಾ? ಯಾವ ಗಾಜೂ ಬೇಡ. ನಾನು ಎಷ್ಟಿದೀನೋ ಅಷ್ಟೇ ಬರ್ಲಿ."

ನಾನು ಫಿಲ್ಟರು ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಈ ಸಲ ಅನೆಜಿಯೋ ಏನಾದರೂ ಅಂದಿದ್ದರೆ ಅವಳನ್ನೇ ಎತ್ತಿ ಹೊರಗಿಡುತ್ತಿದ್ದೆ, ಅಷ್ಟು ಬಿಸಿಯಾಗಿತ್ತು ನನ್ನ ತಲೆ. ಪುಣ್ಯಕ್ಕೆ ಅವಳು ಅನ್ನಲಿಲ್ಲ. ಗಾಜಿಲ್ಲದ ಲೆನ್ಸಿಗೆ ಬೆಳಕು ಧಾರಾಳ, ರೆಪ್ಪೆ ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿಯಿತು.

"ಈಗ ಬರಿ," ಎಂದಳು ಹುಡುಗಿ. "ಗರುಫಾಲಿಯಾಗೆ ಇನ್ನೂ ಮದುವೆ ಆಗಿಲ್ಲ ಅಂತ ಬರಿ. ಬರ್ತೀನಿ ಅಂತ ಮಾತ್ರ ಬರೀಬೇಡ. ಹದಿಮೂರು ವರ್ಷದಲ್ಲಿ ಅವನು ಏನಾಗಿದಾನೋ ನಂಗೇನು ಗೊತ್ತು? ಅವನೂ ಗಾಜಿಲ್ಲದೆ ಒಂದು ಫೋಟೋ ತೆಗೆಸಿ ಕಳಿಸ್ಲಿ. ನೋಡಿ ಹೇಳ್ತೀನಿ."

"ಅಯ್ಯೋ ಬಿಡ್ತು ಅನ್ನು! ಗಂಡು ಹಾಗೆಲ್ಲ..." ಎಂದು ಶುರುಮಾಡಿದ ಅನೆಜಿಯೋ ನನ್ನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದಳು. ನಾನು ಹುಡುಗಿಯ ಮಾತನ್ನು ಒಂದಕ್ಷರ ಬಿಡದೆ ಬರೆದೆ. ಅನೆಜಿಯೋ ಗೊಣಗುತ್ತಲೇ ಕೆಳಗೆ ಶಿಲುಬೆ ಗೀಚಿ ಸಹಿ ಮಾಡಿದಳು.

ಬೇಸಿಗೆಯಲ್ಲಿ ಅವನ ಫೋಟೋ ಬಂತು. ಅಂಗಡಿಯ ಬಾಗಿಲಲ್ಲಿ ಉರಿಬಿಸಿಲಿಗೆ ಮುಖವೊಡ್ಡಿ ನಿಂತಿದ್ದ. ದಪ್ಪ ಮೂಗು, ಸ್ವಲ್ಪ ಹೊಟ್ಟೆ. ಮೂವತ್ತು ತುಂಬುವ ಮೊದಲೇ ತಲೆ ನುಣ್ಣಗೆ ಬೋಳಾಗಿತ್ತು. ಅವನ ಹತ್ತಿರ ಟೋಪಿ ಇರಲಿಲ್ಲವೆಂದಲ್ಲ, ಒಳ್ಳೆಯ ಟೋಪಿಯೇ ಇತ್ತು. ಅದನ್ನು ತೆಗೆದು ಕೈಯಲ್ಲಿ ಹಿಡಿದಿದ್ದ.

ಗರುಫಾಲಿಯಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಸಾಕಾದ ಮೇಲೆ ಕಣ್ಣೊರೆಸಿಕೊಂಡು ಫೋಟೋವನ್ನು ಮತ್ತೆ ನೋಡಿದಳು, ಬಹಳ ಹೊತ್ತು ನೋಡಿದಳು.

"ನೌನೆ, ಹಡಗು ಯಾವತ್ತು ಅಂತ ವಿಚಾರಿಸು," ಎಂದಳು.